ಡಿಕಾಕ್ಷನ್‌ನಲ್ಲಿ ಅದ್ದಿದ ಬಿರುಗಾಳಿ

ಇನ್ಶೂರೆನ್ಸ್ ಆಫೀಸಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ನಾನು ಹಳೆಯ ಕಾಲದ ಮಳೆಯನ್ನು ಟೈಪ್ ಮಾಡುವ ಕೆಲಸಕ್ಕೆ ಇಳಿದೆ. ಸಂಬಳವಿಲ್ಲದ ಕೆಲಸ. ಹಾಯಿಹಡಗುಗಳ ಕಾಲದಲ್ಲಿ ಪ್ರತಿ ಹಡಗಿನಲ್ಲೂ ಒಂದು ದಿನಚರಿ ಪುಸ್ತಕ ಇರುತ್ತಿತ್ತು. ಗಾಳಿ ಯಾವ ದಿಕ್ಕಿನದು, ಎಷ್ಟು ಜೋರು, ಆಕಾಶ ಹೇಗಿದೆ, ಮಳೆ ಬಂತೇ ಎಂದು ಅಧಿಕಾರಿಗಳು ಅದರಲ್ಲಿ ಹಗಲೂ ರಾತ್ರಿ ಬರೆಯುತ್ತಿದ್ದರು. ಸಮುದ್ರದ ಮೇಲಿನ ಹವಾಮಾನವನ್ನು ಬೇರೆ ಯಾರೂ ಬರೆದಿಡದ ಕಾಲ ಅದು. ಹಾಗಾಗಿ ಈಗಿನ ವಿಜ್ಞಾನಿಗಳಿಗೆ ಆ ಪುಟಗಳು ಬೇಕು. ಆದರೆ ಆ ಕೈಬರಹ ಕಂಪ್ಯೂಟರಿಗೆ ಇನ್ನೂ ಸರಿಯಾಗಿ ಹತ್ತುವುದಿಲ್ಲ. ಆದ್ದರಿಂದ ಪುಟಗಳ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕಿ, ಮನೆಯಲ್ಲಿ ಕೂತ ನನ್ನಂಥವರಿಂದ ಟೈಪ್ ಮಾಡಿಸುತ್ತಾರೆ. ಡಾಕ್ಟರುಗಳ ಅಕ್ಷರ ಓದಿ ಕ್ಲೇಮು ಪಾಸು ಮಾಡಿದವಳಿಗೆ ಹಡಗಿನವರ ಅಕ್ಷರ ಏನು ಮಹಾ.

ನಮ್ಮ ಮನೆ ಜೋಗೇಶ್ವರಿಯಲ್ಲಿ. ನಾನು ಕಂಪ್ಯೂಟರಿನ ಮುಂದೆ ಕೂತಿದ್ದಾಗಲೇ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ನೆನೆಯುತ್ತಿತ್ತು.

"ಇನ್ನೂರು ವರ್ಷದ ಹಿಂದಿನ ಮಳೆ ಬರ್ಕೊಂಡು ಕೂತಿದೀಯ. ಇವತ್ತಿನ ಮಳೆಗೆ ನನ್ನ ಶರಟು ನೆಂದುಹೋಯ್ತು," ಎಂದು ನಮ್ಮ ಯಜಮಾನರು ಆಗಾಗ ಹೇಳುವರು. ಅವರೂ ನಿವೃತ್ತರೇ. ಬಾಲ್ಕನಿ ಅವರಿಗೂ ಅಷ್ಟೇ ದೂರ.

ಈ ಕೆಲಸಕ್ಕೆ ಇರುವುದು ಒಂದೇ ನಿಯಮ: ಪುಟದಲ್ಲಿ ಕಂಡದ್ದನ್ನು ಬರೆಯಬೇಕು, ನಮಗೆ ಅನಿಸಿದ್ದನ್ನಲ್ಲ. ಕಂಡದ್ದೋ, ಬಹಳ ಸಪ್ಪೆ. 'ಮಂದ ಗಾಳಿ, ಮೋಡ.' 'ಗಾಳಿ ಚಂಚಲ, ಮೋಡ.' ವಾರಗಟ್ಟಲೆ ಇದೇ. ಮಳೆಗಾಲದಲ್ಲಿ ಬೊಂಬಾಯಿ ಬಂದರಿನಲ್ಲಿ ಲಂಗರು ಹಾಕಿದ್ದ ಹಡಗೊಂದರ ಅಧಿಕಾರಿಯ ಮೇಲೆ ನನಗೆ ವಿಶೇಷ ಅಕ್ಕರೆ. ಆತ ಒಂದು ದಿನ 'ಎಡೆಬಿಡದ ಮಳೆ' ಎಂದು ಬರೆದ. ಮರುದಿನ 'ಅದೇ' ಎಂದು ಬರೆದ. ಅದರ ಮರುದಿನದಿಂದ ಬರೀ ಎರಡೆರಡು ಗೀಟು ಹಾಕುತ್ತಾ ಹೋದ. ಜುಲೈ ತಿಂಗಳ ಮುಂಬೈಯನ್ನು ಇಷ್ಟು ಚೆನ್ನಾಗಿ ಬಣ್ಣಿಸಿದವರನ್ನು ನಾನು ಬೇರೆ ಕಂಡಿಲ್ಲ.

ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು ಇದ್ದಾರೆ. ಸ್ಟೇಷನ್ ಹತ್ತಿರ ಅವರದೊಂದು ಹಳೆಯ ಹೋಟೆಲು. ನನ್ನ ಹಡಗಿನ ಕೆಲಸದ ಸುದ್ದಿಯನ್ನು ನಮ್ಮವರು ಲಿಫ್ಟಿನಲ್ಲಿ ದೂರಿನ ಧಾಟಿಯಲ್ಲಿ ಅವರಿಗೆ ಹೇಳಿದ್ದರು. ಅವರು ಅದನ್ನು ಬೇರೆ ಧಾಟಿಯಲ್ಲಿ ಕೇಳಿಸಿಕೊಂಡರು. ಒಂದು ಸಂಜೆ ಬಿಸಿ ಗೋಳಿಬಜೆಯ ಪೊಟ್ಟಣ ಹಿಡಿದು ಮನೆಗೆ ಬಂದರು.

"ಅಕ್ಕ, ನಿಮ್ಗೆ ಒಂದು ಸಣ್ಣ ತೊಂದರೆ ಕೊಡ್ಲಿಕ್ಕುಂಟು," ಎಂದರು. "ಪರೇಲಿನಲ್ಲಿ ಹಳೇ ಮಿಲ್ಲಿನ ಜಾಗದಲ್ಲಿ ಒಂದು ರೆಸ್ಟೋರೆಂಟ್ ಮಾಡ್ತಾ ಇದ್ದೇನೆ. ಮಗಳು ಇಂಟೀರಿಯರ್ ಕಲ್ತಿದ್ದಾಳಲ್ಲ, ಎಲ್ಲ ಅವಳದ್ದೇ. ಅಲ್ಲಿ ಇಡ್ಲಿಗೆ ಇಡ್ಲಿ ಅಂತ ಹೇಳುವ ಹಾಗಿಲ್ಲ ಮಾರಾಯ್ರೆ. ಹಾಯಿಹಡಗಿನ ಥೀಮ್ ಅಂತೆ."

"ಹಾಯಿಹಡಗು ಯಾಕೆ?" ಎಂದೆ.

"ನಮ್ಮ ಅಜ್ಜ ಮಂಗಳೂರಿಂದ ಬೊಂಬಾಯಿಗೆ ಬಂದದ್ದು ಹಡಗಿನಲ್ಲಲ್ವಾ."

"ಹಾಯಿಹಡಗಿನಲ್ಲಾ?"

"ಸ್ಟೀಮರಿನಲ್ಲಿ. ಆದ್ರೆ ಗೋಡೆಗೆ ಹಾಯಿ ಚಂದ ಕಾಣ್ತದೆ ಅಂತ ಹೇಳ್ತಾಳೆ."

ಹಡಗಿನ ಪುಸ್ತಕದ ಕೆಲವು ನಿಜವಾದ ಸಾಲುಗಳು ಗೋಡೆಗೆ ಬೇಕು ಎನ್ನುವುದು ಅವರ ಬೇಡಿಕೆ. ನನಗೆ ಖುಷಿಯೇ ಆಯಿತು. ಈ ಸಾಲುಗಳನ್ನು ಓದಬೇಕೆಂದು ಮನೆಯವರೆಗೆ ಬಂದ ಮೊದಲ ಮನುಷ್ಯ ಅವರು. ನಾನು ಟೈಪ್ ಮಾಡಿದ ಪುಟಗಳಿಂದ ಬೊಂಬಾಯಿ ಬಂದರಿನ ದಿನಗಳನ್ನು ಹುಡುಕಿ ತೆಗೆದು, ಅಂದವಾಗಿ ಪ್ರಿಂಟ್ ಮಾಡಿ ಇಟ್ಟೆ.

ಭಾನುವಾರ ಅವರ ಮಗಳು ಬಂದಳು. ಚುರುಕಾದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಎಡವುತ್ತಾಳೆ. ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಮುಖ ಕ್ರಮೇಣ ಬಾಡಿತು.

"ಆಂಟಿ, ಯೇ ಸಬ್... ಸೇಮ್ ಇದೆ ಅಲ್ವಾ?"

"ಇಲ್ಲಮ್ಮ. ಇದು ಮಂದ ಗಾಳಿ, ಇದು ಚಂಚಲ ಗಾಳಿ."

"ಮತ್ಲಬ್, ಸ್ವಲ್ಪ ಡ್ರಾಮಾ ಬೇಕಿತ್ತು. ಬಿರುಗಾಳಿ ಇಲ್ವಾ?"

ಬಿರುಗಾಳಿಯೂ ಇತ್ತು. ತೆಗೆದು ಕೊಟ್ಟೆ. 'ಭಾರಿ ಗಾಳಿ, ಮಳೆ. ಮುಂದಿನ ಹಾಯಿ ಹರಿಯಿತು. ಬೇರೆಯದು ಕಟ್ಟಿದೆವು.'

ಅವಳು ಹಾಳೆಯನ್ನು ತಿರುಗಿಸಿ ಹಿಂದುಗಡೆ ನೋಡಿದಳು. "ಬಸ್? ಇಷ್ಟೇನಾ?"

"ಅಷ್ಟೇ. ಹಡಗು ಮುಳುಗೋ ಹಾಗಿರುವಾಗ ಬರೀತಾ ಕೂರೋಕೆ ಯಾರಿಗೆ ಪುರುಸೊತ್ತು."

"ಅವ್ರ ಫೀಲಿಂಗ್ಸ್?"

"ಫೀಲಿಂಗ್ಸಿಗೆ ಕಾಲಂ ಇರಲಿಲ್ಲ."

ಅವಳು ನಕ್ಕಳು, ಥ್ಯಾಂಕ್ಯೂ ಹೇಳಿದಳು, ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋದಳು. ಆ ನಗುವಿನಲ್ಲಿ ನನಗೆ ಆಗಲೇ ಏನೋ ತಿಳಿಯಬೇಕಿತ್ತು.

ರೆಸ್ಟೋರೆಂಟಿನ ಆರಂಭಕ್ಕೆ ನಮ್ಮಿಬ್ಬರನ್ನೂ ಕರೆದರು. ಕಬ್ಬಿಣದ ತೊಲೆಗಳ ನಡುವೆ ಬಿಳಿ ಬಟ್ಟೆಯ ಹಾಯಿಗಳು ತೂಗುತ್ತಿದ್ದವು. ಎ.ಸಿ. ಗಾಳಿಗೆ ಅವು ಅಲ್ಲಾಡುತ್ತಿರಲಿಲ್ಲವಾದ್ದರಿಂದ ಅವುಗಳೆದುರು ಒಂದೊಂದು ಫ್ಯಾನು ಬೇರೆ ಇಟ್ಟಿದ್ದರು. ಕರಾವಳಿಯವರು ನೀರುದೋಸೆಯನ್ನು ಹೇಗೂ ತ್ರಿಕೋನವಾಗಿ ಮಡಚುತ್ತಾರೆ; ಇಲ್ಲಿ ಅದಕ್ಕೊಂದು ಕಡ್ಡಿ ಚುಚ್ಚಿ 'ಹಾಯಿ' ಎಂದು ಹೆಸರಿಟ್ಟಿದ್ದರು. ನಮ್ಮವರು ಕಡ್ಡಿಯನ್ನು ಪಕ್ಕಕ್ಕಿಟ್ಟು ಇನ್ನೆರಡು ಹಾಯಿ ತರಿಸಿಕೊಂಡರು.

ಮುಖ್ಯ ಗೋಡೆಯ ನಡುವೆ, ಪ್ರತ್ಯೇಕ ದೀಪದ ಕೆಳಗೆ, ಚಿನ್ನದ ಬಣ್ಣದ ಕಟ್ಟಿನಲ್ಲಿ ಒಂದು ದೊಡ್ಡ ಹಳದಿ ಪುಟ ಇತ್ತು. ಬಾಗಿದ ಹಳೆಯ ಇಂಗ್ಲಿಷ್ ಅಕ್ಷರ. ಹತ್ತಿರ ಹೋಗಿ ಓದಿದೆ. 'ಕಡಲು ಸಾವಿರ ಸಿಂಹಗಳಂತೆ ಗರ್ಜಿಸುತ್ತಿದೆ. ದೂರದಲ್ಲಿ ಬೊಂಬಾಯಿಯ ದೀಪಗಳು ನಮ್ಮನ್ನು ಕೈಬೀಸಿ ಕರೆಯುತ್ತಿವೆ. ದೇವರೇ, ದಡ ಸೇರಿಸಿದರೆ ಹೊಟ್ಟೆ ತುಂಬ ಉಣ್ಣುತ್ತೇವೆ.' ತಾರೀಕು ಜೂನ್ ಮೂವತ್ತೊಂದು. ವಾಯುಭಾರ, ಪಾದರಸದ ಲೆಕ್ಕದಲ್ಲಿ, ಹದಿನೆಂಟು ಅಂಗುಲ. ಸಮುದ್ರದ ಮೇಲೆ ಅದು ಮೂವತ್ತರ ಆಸುಪಾಸಿನಲ್ಲಿರುತ್ತದೆ. ಹದಿನೆಂಟಕ್ಕೆ ಇಳಿಯಬೇಕಾದರೆ ಆ ಹಡಗು ಹಿಮಾಲಯದ ಯಾವುದಾದರೂ ಕಣಿವೆಯಲ್ಲಿ ತೇಲುತ್ತಿರಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಖ್ಯಾತ ಹಡಗು ಸಂಶೋಧಕಿಯೊಬ್ಬರ ನೆರವಿನಿಂದ.' ಹೆಸರು ಹಾಕಿರಲಿಲ್ಲ, ಅವರ ಪುಣ್ಯ.

"ಹೇಗುಂಟು ಅಕ್ಕ?" ಎಂದು ಮಾಲೀಕರು ಹಿಂದಿನಿಂದ ಬಂದರು. "ಕಾಗದದ ಬಣ್ಣ ನೋಡಿ. ಎಲ್ಲ ನಮ್ಮ ಜೋಗೇಶ್ವರಿ ಹೋಟ್ಲಿನ ಡಿಕಾಕ್ಷನ್. ಮೂರು ಸಲ ಅದ್ದಿದ್ದು. ಚಿಕೋರಿ ಸ್ವಲ್ಪ ಜಾಸ್ತಿ ಬಿದ್ರೆ ಬಣ್ಣ ಗಟ್ಟಿ ಹಿಡೀತದೆ."

ಮಗಳಿಗೆ ತಾರೀಕು ತೋರಿಸಿದೆ. "ಜೂನಿಗೆ ಮೂವತ್ತೇ ದಿನ ಅಲ್ವೇನಮ್ಮ."

"ಆಂಟಿ, ಕೌನ್ ದೇಖ್ತಾ ಹೈ," ಎಂದಳು ಸಮಾಧಾನವಾಗಿ. ಸುತ್ತ ನೋಡಿದೆ. ಅವಳು ಹೇಳಿದ್ದು ಸರಿ, ಯಾರೂ ನೋಡುತ್ತಿರಲಿಲ್ಲ. ಜನ ಪುಟಕ್ಕೆ ಬೆನ್ನು ಹಾಕಿ ನಿಂತು ತಮ್ಮ ಫೋಟೋ ತೆಗೆದುಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ನಾನು ಅದನ್ನು ಮರೆಯಲು ಪ್ರಯತ್ನಪಟ್ಟೆ. ಮರೆತೂ ಬಿಡುತ್ತಿದ್ದೆನೇನೋ. ಆದರೆ ಒಂದು ಬೆಳಿಗ್ಗೆ, ಟೈಪಿಂಗ್ ಕೆಲಸವನ್ನು ನೋಡಿಕೊಳ್ಳುವ ವಿದೇಶಿ ಸಂಚಾಲಕಿಯಿಂದ ನನ್ನ ಹೆಸರಿಗೇ ಇಮೇಲ್ ಬಂತು. ಇಷ್ಟು ವರ್ಷ ಮಂದ ಗಾಳಿ ಟೈಪ್ ಮಾಡಿದ್ದಕ್ಕೆ ಆಕೆ ಒಮ್ಮೆಯೂ ನನಗೆಂದು ಬರೆದಿರಲಿಲ್ಲ. ಕೈ ತೊಳೆದು ಬಂದು ಕೂತು ಓದಿದೆ. ಮುಂಬೈಯ ರೆಸ್ಟೋರೆಂಟೊಂದರ ಗೋಡೆಯ ಮೇಲೆ ಈವರೆಗೆ ಯಾರಿಗೂ ಗೊತ್ತಿರದ ಹಡಗೊಂದರ ಪುಟ ಇರುವಂತಿದೆ, ಯಾರೋ ಪ್ರವಾಸಿಗರು ಫೋಟೋ ಕಳಿಸಿದ್ದಾರೆ, ನೀವು ಆ ಊರಿನವರೇ ಆದ್ದರಿಂದ ದಯವಿಟ್ಟು ಹೋಗಿ ನೋಡಿ ಬರುವಿರಾ, ಎಂದಿತ್ತು.

ನಮ್ಮಂತೆ ಟೈಪ್ ಮಾಡುವವರೆಲ್ಲ ಸೇರುವ ಚರ್ಚೆಯ ಜಾಗವೊಂದು ಇಂಟರ್ನೆಟ್ಟಿನಲ್ಲಿದೆ. ತೆರೆದು ನೋಡಿದರೆ ಅಲ್ಲಿ ಆಗಲೇ ಜಾತ್ರೆ. ಹದಿನೆಂಟು ಎನ್ನುವುದು ನಿಜಕ್ಕೂ ಇಪ್ಪತ್ತೆಂಟು, ಎರಡು ಮಾಸಿಹೋಗಿ ಒಂದರಂತೆ ಕಾಣುತ್ತಿದೆ ಎಂದು ಒಬ್ಬರು. ಮೂವತ್ತೊಂದು ಎನ್ನುವುದು ಇಪ್ಪತ್ತೊಂದೇ ಎಂದು ಇನ್ನೊಬ್ಬರು. ಮತ್ತೊಬ್ಬ ಮಹನೀಯರು, ಬರೆದವನು ಸಿಂಹದ ಹೋಲಿಕೆ ಕೊಟ್ಟಿರುವುದರಿಂದ ಹಡಗು ಆಫ್ರಿಕಾದ ಕಡೆಯಿಂದ ಬಂದಿರಬೇಕೆಂದು ಎರಡು ಪುಟ ಬರೆದಿದ್ದರು. ಎಲ್ಲರೂ ನನ್ನ ಹಾಗೆ ಪ್ರಾಮಾಣಿಕರು, ಕಣ್ಣು ಮಂಜಾಗುವವರೆಗೆ ಕೆಲಸ ಮಾಡುವವರು. ನಾನು ಎರಡು ಗೀಟಿನ ಅಧಿಕಾರಿಯ ಬಗ್ಗೆ ಅದೇ ಜಾಗದಲ್ಲಿ ಒಮ್ಮೆ ಬರೆದಿದ್ದೆ. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಅಂದು ನನಗೆ ಆದದ್ದು ಹೊಟ್ಟೆಕಿಚ್ಚು ಎಂದರೆ ಸುಳ್ಳಲ್ಲ.

"ಪರೇಲಿಗೆ ಹೋಗ್ಬೇಕು," ಎಂದೆ.

"ನಾನೂ ಬರ್ತೀನಿ. ಹಾಯಿ ಚೆನ್ನಾಗಿತ್ತು," ಎಂದರು ನಮ್ಮವರು.

ಲೋಕಲ್‌ನಲ್ಲಿ ಹೋಗಿ, ಬ್ರಿಜ್ ದಾಟಿ, ರೆಸ್ಟೋರೆಂಟು ಮುಟ್ಟುವಾಗ ಮಧ್ಯಾಹ್ನದ ಊಟದ ಗಲಾಟೆ ಇಳಿದಿತ್ತು. ಮಾಲೀಕರು ಕೌಂಟರಿನಲ್ಲಿದ್ದರು. ಅವರನ್ನೂ ಮಗಳನ್ನೂ ಕೂರಿಸಿಕೊಂಡು ಇಮೇಲ್ ವಿಷಯ ತಿಳಿಸಿದೆ. ನಾಚಿಕೆಪಟ್ಟಾರು ಎಂದುಕೊಂಡಿದ್ದೆ.

"ಫಾರಿನ್ ವಿಜ್ಞಾನಿಗಳು ಕೇಳಿದ್ದಾ?" ಮಾಲೀಕರ ಮುಖ ಅರಳಿತು. "ನಮ್ಮ ಹೋಟ್ಲನ್ನಾ?"

"ಹೋಟೆಲನ್ನಲ್ಲ, ಆ ಪುಟವನ್ನ. ಅದನ್ನ ನಿಜ ಅಂತ ತಿಳ್ಕೊಂಡಿದಾರೆ. ದಯವಿಟ್ಟು ತೆಗೆದುಬಿಡಿ. ಇಲ್ಲದಿದ್ದರೆ ಕೆಳಗೆ ಇದು ಕಾಲ್ಪನಿಕ ಅಂತ ಬರೆಸಿ."

"ಕಾಲ್ಪನಿಕ ಎಂತಕ್ಕೆ ಅಕ್ಕ? ಕಾಗದ ಅಸ್ಲಿ, ಡಿಕಾಕ್ಷನ್ ಅಸ್ಲಿ. ಜೂನಿನಲ್ಲಿ ಬೊಂಬಾಯಲ್ಲಿ ಮಳೆಗಾಳಿ ಬರುದೂ ಅಸ್ಲಿ. ಬಂದಿರ್ಲಿಕ್ಕಿಲ್ಲ ಅಂತ ನಿಮ್ಗೆ ಹೇಳ್ಲಿಕ್ಕಾಗ್ತದಾ?"

"ಜೂನ್ ಮೂವತ್ತೊಂದಕ್ಕೆ ಬಂದಿಲ್ಲ ಅಂತ ಹೇಳಬಲ್ಲೆ."

ನಮ್ಮವರು ಊಟ ನಿಲ್ಲಿಸಿ ತಲೆಯೆತ್ತಿದರು. "ಅವರು ಹೇಳೋದ್ರಲ್ಲೂ ಪಾಯಿಂಟಿದೆ ಕಣೇ," ಎಂದರು. ಎರಡನೇ ಹಾಯಿ ಆಗಷ್ಟೇ ಅವರ ತಟ್ಟೆಗೆ ಬಂದಿತ್ತು.

ಮಗಳು ಮಾತ್ರ ಯೋಚನೆಗೆ ಬಿದ್ದಿದ್ದಳು. "ಆಂಟಿ, ನೀವು ಕೊಟ್ಟಿದ್ರಲ್ಲ, ಆ ರಿಯಲ್ ವಾಲಾ... ಅದು ನನ್ ಹತ್ರ ಇದೆ. ಅದನ್ನೂ ಹಾಕ್ತೀನಿ, ಪಕ್ಕಾ. ಟಾಯ್ಲೆಟ್ ಕಡೆ ಪ್ಯಾಸೇಜ್ ಖಾಲಿ ಇದೆ. ಅಲ್ಲಿ ಸಿಂಪಲ್ ಲುಕ್ ಬೇಕು." ಅವಳು ಅದನ್ನು ಮನಸಾರೆ ಹೇಳಿದಳು. ನನಗೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಆ ಸಂಜೆ ಸಂಚಾಲಕಿಗೆ ವರದಿ ಬರೆದೆ. ಕಂಡದ್ದನ್ನು ಮಾತ್ರ ಬರೆದೆ. ಕಾಗದ ಇತ್ತೀಚಿನದು. ಬಣ್ಣ ಕಾಫಿಯದು, ಚಿಕೋರಿ ಬೆರೆತದ್ದು. ಅಂಥ ಹಡಗು ಇರಲಿಲ್ಲ, ಅಂಥ ದಿನವೂ ಇಲ್ಲ. ನೀರುದೋಸೆ ಚೆನ್ನಾಗಿದೆ. ಕೊನೆಯ ಸಾಲನ್ನು ನಮ್ಮವರು ಹಟ ಹಿಡಿದು ಸೇರಿಸಿದ್ದು. ಸಂಚಾಲಕಿ ತುಂಬು ಸೌಜನ್ಯದಿಂದ ಧನ್ಯವಾದ ಹೇಳಿ, ಪುಟವನ್ನು ಪಟ್ಟಿಯಿಂದ ಕೈಬಿಟ್ಟಿರುವುದಾಗಿ ತಿಳಿಸಿದರು. ಸಿಂಹದ ಮಹನೀಯರು ಒಪ್ಪಲಿಲ್ಲ. ಕಾಫಿ ಹಡಗಿನಲ್ಲೇ ಚೆಲ್ಲಿರಬಹುದಲ್ಲ ಎಂದು ಕೇಳಿದರು. ಒಂದು ಕಪ್ಪಿನಷ್ಟು ಕಾಫಿ ಚೆಲ್ಲುವುದು ಬೇರೆ, ಪುಟವನ್ನು ಮೂರು ಸಲ ಅದ್ದುವುದು ಬೇರೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸುವ ತ್ರಾಣ ನನಗಿರಲಿಲ್ಲ.

ಸ್ವಲ್ಪ ದಿನದ ಮೇಲೆ ಮಾಲೀಕರು ಲಿಫ್ಟಿನಲ್ಲಿ ಸಿಕ್ಕಿ ಹೊಸ ಮೆನು ಕಾರ್ಡು ಕೈಗಿಟ್ಟರು. ಮೇಲ್ಗಡೆಯೇ ದಪ್ಪ ಅಕ್ಷರದಲ್ಲಿ, 'ವಿದೇಶಿ ವಿಜ್ಞಾನಿಗಳು ಪರಿಶೀಲಿಸಿದ ಬಿರುಗಾಳಿಯನ್ನು ಇಲ್ಲಿ ನೋಡಿರಿ.'

ನಾನು ಬಾಯಿ ತೆರೆಯುವ ಮೊದಲೇ ಅವರು, "ಪರಿಶೀಲಿಸಿದ್ದು ಸುಳ್ಳಾ ಅಕ್ಕ?" ಎಂದರು.

ಸುಳ್ಳಲ್ಲ. ಪರಿಶೀಲಿಸಿದ್ದು ನಿಜ. ನಾನೇ ಪರಿಶೀಲಿಸಿದ್ದೆ. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡೆ.

ಕಳೆದ ಮಳೆಗಾಲದಲ್ಲಿ ನಮ್ಮ ನಾದಿನಿಯ ಮಗಳ ನಿಶ್ಚಿತಾರ್ಥದ ಊಟವನ್ನು ಅಲ್ಲೇ ಇಟ್ಟುಕೊಂಡಿದ್ದರು. ಹುಡುಗ ಪವಾಯಿಯವನು, ಅವನ ಕಡೆಯವರಿಗೆ ಜಾಗ ಬಹಳ ಹಿಡಿಸಿತ್ತು. ಬಿರುಗಾಳಿಯ ಮುಂದೆ ಫೋಟೋಕ್ಕೆ ಸಾಲು ನಿಂತಿತ್ತು. ನಾನು ಸೀರೆಯ ಸೆರಗಿಗೆ ಬಿದ್ದ ಸಾರು ತೊಳೆಯಲೆಂದು ಟಾಯ್ಲೆಟ್ ಕಡೆಯ ಓಣಿಗೆ ಹೋದೆ. ಅಲ್ಲೂ ಸಾಲು. ಎರಡೂ ಬದಿಯ ಗೋಡೆಗಳಲ್ಲಿ ಚಿಕ್ಕ ಚಿಕ್ಕ ಬಿಳಿ ಚೌಕಟ್ಟುಗಳು, ಅವುಗಳಲ್ಲಿ ನನ್ನ ಮಂದ ಗಾಳಿ, ಚಂಚಲ ಗಾಳಿ. ಮಾಲೀಕರ ಮಗಳು ಮಾತು ಉಳಿಸಿಕೊಂಡಿದ್ದಳು. ಕಾಯುವವರಿಗೆ ಬೇರೆ ಕೆಲಸವಿಲ್ಲ, ಹೊರಗೆ ಮಳೆಯ ಸದ್ದು, ಮೊಬೈಲಿಗೆ ಅಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಹಾಗಾಗಿ ಎಲ್ಲರೂ ಓದುತ್ತಿದ್ದರು.

ನನ್ನ ಮುಂದೆ ಇಬ್ಬರು ಮರಾಠಿ ಹೆಂಗಸರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಬಂದವರಂತೆ ಇಬ್ಬರ ಮುಖದಲ್ಲೂ ದಣಿವು. ಒಬ್ಬಳು ಸಾಲಾಗಿ ಓದುತ್ತಾ ಬಂದು, "ಕಾಹೀಚ್ ಝಾಲಂ ನಾಹೀ," ಎಂದಳು. ಏನೂ ಆಗೇ ಇಲ್ಲ, ಎಂದು.

ಇನ್ನೊಬ್ಬಳು ಗೋಡೆಗೆ ಒರಗಿಕೊಂಡು, "ಬರಂ ಝಾಲಂ," ಎಂದಳು. ಒಳ್ಳೆಯದೇ ಆಯಿತು.

ಹಿಂದಿನಿಂದ ಅವರಿಗೆ ನನ್ನ ಪರಿಚಯ ಹೇಳಿಕೊಳ್ಳೋಣ ಅನ್ನಿಸಿತು. ಆದರೆ ಅಷ್ಟರಲ್ಲಿ ಬಾಗಿಲು ತೆರೆಯಿತು, ಅವರಲ್ಲಿ ಒಬ್ಬಳು ಒಳಗೆ ಹೋದಳು, ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.