ಗೀಸರ್ ಮಂಟಯ್ಯನ ಹಟ
ಸರಗೂರಿನ ಮಂಟಯ್ಯ ಹಳೇ ಗ್ಯಾಸ್ ಗೀಸರ್ ರಿಪೇರಿಗೆ ಕೂತರೆ ಮೊದಲು ಕಿಡಿ ಹೊತ್ತಿಸುವ ಸೆಲ್ಲನ್ನು ಬೈಯುತ್ತಾನೆ, ಆಮೇಲೆ ತುಕ್ಕನ್ನು, ಕೊನೆಗೆ ಮನೆಯವರನ್ನು. ಸೆಲ್ಲಿನ ಡಬ್ಬಿಯ ತಗಡನ್ನು ಉಪ್ಪುಕಾಗದದಿಂದ ಮದುಮಗನಿಗೆ ಮೈ ಉಜ್ಜುವಂತೆ ಉಜ್ಜಿ, ಕಿಡಿ 'ಟಿಕ್ ಟಿಕ್' ಎಂದರೆ ಮೊಮ್ಮಗು ಮಾತಾಡಿದಷ್ಟು ಹಿಗ್ಗುತ್ತಾನೆ. ಆದರೆ ಬಚ್ಚಲ ಕಿಂಡಿ ನೋಡದೆ ಗ್ಯಾಸ್ ತೆರೆಯುವುದಿಲ್ಲ. ಮೊನ್ನೆ ರಿಪೇರಿಗೆ ಹೋದ ಮನೆಯ ಸೋಮಮ್ಮ, ಬಾಣಂತಿ ಮಗಳಿಗೆ ತಣ್ಣನೆ ಗಾಳಿ ತಾಕದಿರಲೆಂದು ಕಿಂಡಿಗೆ ಹಳೇ ಸೀರೆ ತುರುಕಿದ್ದಳು. "ಮಗ್ಳಿಗೆ ಸೀತ ಆಯ್ತದೆ, ಇರ್ಲಿ ಬುಡು ಮಂಟಣ್ಣ" ಎಂದಳು. "ಸೀತಕ್ಕೆ ಕಷಾಯ ಐತೆ ಕಣಕ್ಕ. ಗಾಳಿ ಆಡ್ದಿರೋ ಕಡೆ ಗ್ಯಾಸ್ ಉರಿದ್ರೆ ತಾಯಿ, ಕೂಸು ಇಬ್ರೂ ಮತ್ತೆ ಏಳಾಕಿಲ್ಲ" ಎಂದು ಸೀರೆ ಎಳೆದು, ಪುನಃ ತುರುಕದಂತೆ ತನ್ನ ಚೀಲಕ್ಕೇ ಹಾಕಿಕೊಂಡ. ಅವನ ಮನೆಯ ಅಟ್ಟದಲ್ಲಿ, ಊರಿನ ಬಚ್ಚಲ ಕಿಂಡಿಗಳಿಂದ ಎಳೆದು ತಂದ ಇಂಥ ಬಟ್ಟೆಗಳ ದೊಡ್ಡ ಗಂಟಿದೆ. ಆ ಬಚ್ಚಲುಗಳಲ್ಲಿ ಮಿಂದ ಕೂಸುಗಳು ಈಗ ಶಾಲೆಗೆ ಹೋಗುತ್ತಿವೆ.