ಮಗ್ಗದ ಮ್ಯಾಲಿನ ಅತ್ತಿ

ಹೋದ ವಾರ ಟ್ರಂಕ್ ಝಾಡಸಾಕ ಕುಂತಾಗ ಹಳೇ ಸೀರಿ ಬುಡಕ ನನ್ನ ಡಿಜಿಟಲ್ ಕ್ಯಾಮೆರಾ ಸಿಕ್ತು. ಚೀಲ ತೆಗದ್ರ ನುಸಿಗುಳಿಗಿ ವಾಸನಿ ಗಪ್ಪಂತ ಮೂಗಿಗಿ ಬಡೀತು. ಅದರ ಹಿಂದಿಂದನ ಚಿಗವ್ವ ನೆನಪಾದ್ಲು, ನನ್ನ ಬೈಕೋತ...

ಚಿಗವ್ವ ಅಂದ್ರ ರಕ್ತಸಂಬಂಧ ಏನಿಲ್ಲ. ನಾರಾಯಣಪೇಟದಾಗ ನಮ್ಮ ಗೋಡಿಗಿ ಗೋಡಿ ಹಚ್ಚಿದ ಮನಿ ಅಕೀದು. ಹುಟ್ಟಿದಾಗಿಂದ ಚಿಗವ್ವ ಅಂತ ಕರದೀನಿ, ಅಷ್ಟ. ಮದಿವ್ಯಾಗಿ ಬಂದ ವರ್ಷದಿಂದ ಸೀರಿ ನೇಯ್ದಾಕಿ. ಆದ್ರ ಕಾಗದದ ಮ್ಯಾಲ ನೇಕಾರ ಅಂತ ಇದ್ದದ್ದು ಅಕಿ ಅತ್ತಿ ಹೆಸರು. ಅತ್ತಿ ತೀರಿದ ಮ್ಯಾಲ ಸರ್ಕಾರದ ನೇಕಾರ ಕಾರ್ಡು ರದ್ದಾತು, ಕಡಿಮಿ ದರದ ನೂಲೂ ನಿಂತು ಹೋತು. ಚಿಗವ್ವ ತನ್ನ ಹೆಸರಿಲೆ ಅರ್ಜಿ ಹಾಕಿದ್ಲು. ಅದಕ್ಕ ಮಗ್ಗದಾಗ ಕುಂತು ನೇಯೋ ಫೋಟೋ ಬೇಕಿತ್ತು, ಮುಖ ಸಾಫ್ ಕಾಣಬೇಕಿತ್ತು.

ನಾ ಆಗ ಮಕ್ತಲ್‌ದಾಗ ಟೀಚರ್. ಗದ್ವಾಲ್‌ದಾಗ ಹೊಸಾ ಕ್ಯಾಮೆರಾ ತಗೊಂಡು ಓಣಿ ತುಂಬ ಮೆರೀತಿದ್ದೆ. "ಸ್ಟುಡಿಯೋದಾಂವ ಯಾಕ, ನಾ ಇಲ್ಲೇನು?" ಅಂದೆ. ಅಲ್ಲೇ ಎಡವಟ್ಟಾತು ನೋಡ್ರಿ.

ಮೊದಲನೇ ಫೋಟೋದಾಗ ಚಿಗವ್ವನ ಮುಖ ಗಂಜ್ಯಾಗ ಅದ್ದಿ ತೆಗದಂಗಿತ್ತು. ಕೈಮಗ್ಗ ದಫ್ತರದ ಗುಮಾಸ್ತ "ಮುಖಂ ಕನಪಡಟ್ಲೇದಮ್ಮಾ" ಅಂತ ತೆಲುಗಿನಾಗ ಹೇಳಿ ವಾಪಸ್ ಕೊಟ್ಟ. ಮುಖ ಕಾಣವಲ್ದಂತ! ಎರಡನೇದೂ ಹಂಗ ಬಂತು. ಶನಿವಾರ ಕಡೀ ದಿನ ಅಂತ ಬ್ಯಾರೆ ಹೇಳಿ ಕಳಿಸಿದ.

ನನಗ ಸಿಟ್ಟು ನೆತ್ತಿಗೇರಿತು. ಗಾಜು ಒರಸಿದೆ. ಬ್ಯಾಟರಿ ಬದಲಿಸಿದೆ. ಕೈ ನಡಗತಿರಬೇಕು ಅಂತ ಅಕ್ಕಿ ಡಬ್ಬಿ ಮ್ಯಾಲ ಕ್ಯಾಮೆರಾ ಇಟ್ಟೆ. ಬೆಳಕು ಸಾಲಲ್ಲ ಅಂತ ನಮ್ಮನಿ ಟ್ಯೂಬ್‌ಲೈಟ್ ಕಿತ್ತು ತಂದು ಕಟ್ಟಿದೆ. "ಉಸಿರು ಹಿಡಿ ಚಿಗವ್ವ" ಅಂದ್ರ ಅಕಿ ಕೆಂಪಗಾಗಿ, "ನಿನ್ನ ಫೋಟೋಕ್ಕ ನನ್ನ ಜೀವಾ ತೆಗೀತೀಯೇನ ಹುಡುಗಿ!" ಅಂತ ಕೂಗಿದ್ಲು. ಕ್ಯಾಮೆರಾ ಕೊಟ್ಟ ಅಂಗಡಿಗಿ ಗದ್ವಾಲ್‌ತನ ಹೋಗಿ ಜಗಳಾ ಮಾಡಿದೆ. ಅಂಗಡಿಯಾಂವ ನನ್ನದ ಒಂದು ಫೋಟೋ ಹೊಡದು ತೋರಿಸಿದ. ಬಾಯಿ ತೆರದು ಜಗಳಾಡೂದು ಹಲ್ಲು ಸಮೇತ ಸಾಫ್ ಬಂದಿತ್ತು, ಸುಮ್ನ ವಾಪಸ್ ಬಂದೆ.

ಗುಟ್ಟು ಬಿಡಿಸಿದಾಂವ ಮಕ್ತಲ್‌ದ ಸ್ಟುಡಿಯೋದಾಂವ. ಶುಕ್ರವಾರ ಸಾಲಿ ಬಿಟ್ಟ ಮ್ಯಾಲ ಅಲ್ಲಿಗಿ ಹೋದೆ. ಫೋಟೋ ಕಂಪ್ಯೂಟರಿನಾಗ ದೊಡ್ಡದು ಮಾಡಿ ನಗಾಕ ಹತ್ತಿದ.

"ಟೀಚರಮ್ಮ, ಕ್ಯಾಮೆರಾ ಚಲೋನ ಐತ್ರಿ. ಗೋಡಿ ಮ್ಯಾಲಿನ ಈ ಮುದುಕಿ ನೋಡ್ರಿ, ಹುಬ್ಬಿನ ಕೂದಲ ಎಣಸಬಹುದು!"

ಮಗ್ಗದ ಹಿಂದಿನ ಗೋಡಿಗಿ ಅತ್ತಿ ಫೋಟೋ ಇತ್ತು, ಮಾಲಿ ಹಾಕಿದ್ದು, ಕಿಡಕಿಯಷ್ಟು ದೊಡ್ಡದು. ಹೊಸಾ ಕ್ಯಾಮೆರಾ ತಾನ ಮುಖ ಹುಡಕತೈತಂತ, ನೆಟ್ಟಗ ನೋಡೋ ಮುಖ ಹಿಡಕೊಂತೈತಂತ. ಚಿಗವ್ವ ಮಗ್ಗದ ಬುಡಕ ತೋಡಿದ ಗುಣಿಯೊಳಗ ಕಾಲು ಇಳಿಬಿಟ್ಟು ನೇಯ್ತಾಳ. ತಲಿ ಎತ್ತು ಅಂದ್ರ ಎತ್ತತಿದ್ಲು, ಲಾಳಿ ಒಗದ ಕೂಡ್ಲೇ ಮತ್ತ ಬಗ್ಗತಿದ್ಲು. ಅತ್ತಿ ಮಾತ್ರ ರೆಪ್ಪಿ ಬಡೀದ ನೋಡಕೋತ ಇದ್ಲು.

ಓಡಿ ಬಂದು ಹೇಳಿದೆ. ಚಿಗವ್ವ ಹಣಿ ಬಡಕೊಂಡ್ಲು. "ನೋಡಿದೇನ? ಸತ್ತರೂ ನನ್ನ ಮುಂದ ಬರಾಕ ಬಿಡವಲ್ಲಳು!"

"ಮತ್ತ ಇಳಸು ಫೋಟೋ. ಗುಣಿ ತೋಡಿದ ಮಗ್ಗ ಸರಸಾಕ ಆಗತೈತೇನು?"

"ಅತ್ತಿನ್ನ ಇಳಸಾಕ? ಅಕಿ ಇದ್ದಾಗ ಅಕಿ ಮುಂದ ನಾ ಕುರ್ಚಿ ಮ್ಯಾಲ ಕುಂತಾಕಿ ಅಲ್ಲ!" ನಾನೂ ಬಿಡಲಿಲ್ಲ. ನಾಳಿ ಕಾರ್ಡು ತಪ್ಪಿದ್ರ ಈ ಜನ್ಮದಾಗ ನೀ ನೇಯ್ದದ್ದು ಯಾರಿಗೂ ಗೊತ್ತಾಗಂಗಿಲ್ಲ ಅಂತ ರೇಗಿದೆ. ಅಕಿ ಕಣ್ಣು ತುಂಬಿದ್ವು. ನನಗೂ ಛೇ, ಹೆಚ್ಚಾತು ಅನಿಸ್ತು...

ಶನಿವಾರ ಮುಂಜಾನಿ ಹೋದ್ರ ಚಿಗವ್ವ ತಾನ ಸ್ಟೂಲ್ ಹತ್ತಿ ನಿಂತಿದ್ಲು. "ಅತ್ತೀ, ತಪ್ಪು ತಿಳಕೋಬ್ಯಾಡ್ರಿ. ಎರಡ ನಿಮಿಷ ಆ ಕಡಿ ನೋಡ್ರಿ" ಅಂದಾಕಿನ ಫೋಟೋ ಗೋಡಿ ಕಡಿ ತಿರಿವಿಬಿಟ್ಲು. ಹಿಂದಿಂದ ಹಲ್ಲಿ ಒಂದು ಪಟಕ್ಕನ ಹಾರಿ ಓಡ್ತು. ನಾನು ಚೀರಿದೆ. ಚಿಗವ್ವ ಗುಣಿಯೊಳಗ ಇಳದು ಕುಂತು, "ಇಷ್ಟು ದಿನ ಅತ್ತಿ ಬೆನ್ನಿಗಿ ಕುಂತು ನನ್ನ ಮ್ಯಾಲ ಚಾಡಿ ಹೇಳತಿತ್ತು ಕಾಣತೈತಿ ಇದು!" ಅಂತ ಲಾಳಿ ಹಿಡಕೊಂಡು ನಗಾಕ ಹತ್ತಿದ್ಲು. ತಲಿ ಎತ್ತಿ ನಕ್ಕಳು. ಗುಂಡಿ ಒತ್ತಿದೆ. ಬಂತು ನೋಡ್ರಿ ಮುಖ!

ಮಧ್ಯಾಹ್ನದೊಳಗ ಫೋಟೋ ದಫ್ತರಕ್ಕ ಮುಟ್ಟಿಸಿ ಬಂದು, ಅತ್ತಿನ್ನ ಈ ಕಡಿ ತಿರಗಸೂಣೇನು ಅಂತ ಕೇಳಿದೆ. "ಇರಲಿ ಬಿಡು, ಇವತ್ತೊಂದಿನ ಅಲ್ಲೇ ನೋಡಲಿ" ಅಂದ್ಲು.

ಕಾರ್ಡು ಬಂತು. ಹಾಲಿನಾಕಿಗೂ ತೋರಿಸಿದ್ಲು, ಬೀಗರಿಗೂ ತೋರಿಸಿದ್ಲು. ನಾ ಮಾತ್ರ ಅಕಿದು ಇನ್ನೊಂದು ಫೋಟೋ ತೆಗೀಲಿಲ್ಲ. ಪಕ್ಕದ ಮನಿ, ಎಲ್ಲಿ ಹೋಗತಾಳ ಅಂದ್ಕೊಂಡಿದ್ದೆ...

ಹೋದ ವರ್ಷ ಚಿಗವ್ವ ತೀರಿಕೊಂಡ್ಲು. ಗೋಡಿಗಿ ಹಾಕಾಕ ಅಕಿ ಮಗ ನನ್ನ ಹತ್ರ ಇದ್ದ ಆ ಒಂದ ಫೋಟೋ ಕೇಳಿದ. ಇಬ್ರೂ ಜೋಡಿಲೆ ಸ್ಟುಡಿಯೋಕ್ಕ ಹೋದ್ವಿ. ಈಗಿನ ಹುಡುಗ ಕಂಪ್ಯೂಟರಿನಾಗ ಅಕಿ ಮುಖ ಅಷ್ಟ ಕತ್ತರಿಸಿ, ಹಿಂದ ನೀಲಿ ಮುಗಿಲು ಹಾಕಿ, "ಚಲೋ ಐತಲ್ರಿ ಅಕ್ಕಾ?" ಅಂದ. ಮಗನೂ ಹೂಂ ಅಂದ.

"ಮಗ್ಗ ತೆಗೀಬ್ಯಾಡ್ರಿ" ಅಂದೆ. ದನಿ ಅಂಗಡಿ ತುಂಬ ಕೇಳಿಸ್ತು. "ಮಗ್ಗ ತೆಗದ್ರ ಅಕಿ ನಮ್ಮ ಚಿಗವ್ವ ಅಲ್ಲ." ಅಷ್ಟು ಅಂದು, ಎಲ್ಲಾರ ಮುಂದ, ಆ ಸ್ಟುಡಿಯೋದಾಗ ಕುಂತು ಅತ್ತೆ.