ಚಾಯ್ಸ್‌ನಲ್ಲಿ ಬಿಟ್ಟ ಪಾಠ

ಕೆನಡಾದ ಇತಿಹಾಸವನ್ನು ನಾನು ಓದಿದ್ದು ನಲವತ್ತೇಳನೇ ವಯಸ್ಸಿನಲ್ಲಿ, ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮುಂದೆ ಕೂತು. ಪರೀಕ್ಷೆ ಇದ್ದದ್ದು ಮಗಳಿಗೆ. ಓದಿ ಉದ್ಧಾರವಾದೆ ಎಂದೇನಲ್ಲ.

ಮಗಳು ಹುಬ್ಬಳ್ಳಿಯಲ್ಲಿ ಹುಟ್ಟಿ, ಎರಡು ವರ್ಷದವಳಿದ್ದಾಗ ನಮ್ಮೊಂದಿಗೆ ಅಮೆರಿಕಕ್ಕೆ ಬಂದವಳು. ಅವಳ ವೀಸಾ ನನ್ನ ಕೆಲಸದ ವೀಸಾಕ್ಕೆ ಅಂಟಿಕೊಂಡದ್ದು. ನಮ್ಮ ಗ್ರೀನ್ ಕಾರ್ಡಿನ ಸರದಿ ಬರುವ ಮೊದಲೇ ಅವಳಿಗೆ ಇಪ್ಪತ್ತೊಂದು ತುಂಬುತ್ತದೆ. ಆಮೇಲೆ ಅವಳು ನನ್ನ ಕಾಗದಗಳಿಗೆ ಸೇರಿದವಳಲ್ಲ, ಅಲ್ಲಿ ಉಳಿಯಲು ಬೇರೆ ದಾರಿ ಹುಡುಕಿಕೊಳ್ಳಬೇಕು. ಅದಕ್ಕೇ ಕೆನಡಾಕ್ಕೆ ಅರ್ಜಿ ಹಾಕಿದೆವು, ಮಂಜೂರೂ ಆಯಿತು. ಅವಳು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಎದುರಿಗೆ ಕೂರಿಸಿಕೊಂಡು ಹೇಳಿದೆವು. ಅಳುತ್ತಾಳೆ, ಜಗಳವಾಡುತ್ತಾಳೆ ಎಂದು ನಾನೂ ಹೆಂಡತಿಯೂ ಸಿದ್ಧರಾಗಿದ್ದೆವು. ಅವಳು ಎದ್ದುಹೋಗಿ ನಾಯಿಯನ್ನು ವಾಕಿಂಗಿಗೆ ಕರೆದುಕೊಂಡು ಹೋದಳು. ನಾಯಿ ಪಕ್ಕದ ಮನೆಯವರದು.

ಟೊರಾಂಟೊದ ಶಾಲೆಯವರು ಒಂದು ಷರತ್ತು ಹಾಕಿದ್ದರು. ಆನ್‌ಲೈನಿನಲ್ಲಿ ಕೆನಡಾ ಇತಿಹಾಸದ ಕೋರ್ಸು ಮುಗಿಸಿ ಪಾಸಾದರೆ ಹನ್ನೆರಡನೇ ಕ್ಲಾಸು, ಇಲ್ಲದಿದ್ದರೆ ಒಂದು ವರ್ಷ ಹಿಂದೆ. ಊರು, ಗೆಳತಿಯರು, ಈಜಿನ ತಂಡ ಎಲ್ಲ ಕಳೆದುಕೊಳ್ಳುವ ಹುಡುಗಿ ಒಂದು ವರ್ಷವನ್ನೂ ಕಳೆದುಕೊಳ್ಳಬಾರದು ಎಂದು ನಾನು ಹಟ ಹಿಡಿದೆ. ನನ್ನ ಕೈಯಲ್ಲಿ ಉಳಿಸಲು ಬೇರೇನೂ ಇರಲಿಲ್ಲ.

ನನಗೆ ಗೊತ್ತಿದ್ದದ್ದು ಹುಬ್ಬಳ್ಳಿಯ ಓದು. ಪಾಠಗಳನ್ನೆಲ್ಲ ಪ್ರಿಂಟ್ ಹಾಕಿಸಿ, ಬರಬಹುದಾದ ಪ್ರಶ್ನೆಗಳಿಗೆ ಸ್ಟಾರ್ ಹಾಕಿ, ಉತ್ತರಗಳನ್ನು ನಾನೇ ಬರೆದು ಬಾಯಿಪಾಠ ಮಾಡಿಸತೊಡಗಿದೆ. ಆಫೀಸಿನ ಮೀಟಿಂಗಿನಲ್ಲಿ ಕೂತು ಕೆನಡಾ ಒಕ್ಕೂಟ ಸ್ಥಾಪನೆಯ ಐದು ಕಾರಣಗಳನ್ನು ಪಟ್ಟಿ ಮಾಡಿದ್ದೂ ಉಂಟು. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಕಾಲು ಆಡಿಸುತ್ತ, ಗಿಳಿಯ ಹಾಗೆ ಒಪ್ಪಿಸುತ್ತಿದ್ದಳು. ನಡುವೆ ತಡೆದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಅವಳ ಧ್ವನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ಅದೇ ನನ್ನನ್ನು ಕೊಲ್ಲುತ್ತಿತ್ತು.

ಆ ದೇಶದವರಿಗೆ ತಾವು ಯಾರು ಎಂಬುದರಲ್ಲೇ ಅನುಮಾನವಿದ್ದಂತಿತ್ತು. ಒಂದೊಂದು ಪಾಠ ಮುಗಿದಾಗಲೂ ಅದೇ ಪ್ರಶ್ನೆ, ಕೆನಡಿಯನ್ ಎಂದರೆ ಯಾರು? ಹಿಮ, ಹಾಕಿ, ಎರಡು ಭಾಷೆ, ಹಲವು ಸಂಸ್ಕೃತಿ ಎಂದು ಒಂದು ಪುಟ ಬರೆದುಕೊಟ್ಟೆ. ಪುಸ್ತಕದಲ್ಲಿ ಇನ್ನೊಂದು ಅಂಶವಿತ್ತು. ಅನೇಕರು ತಮ್ಮನ್ನು ಮೊದಲು ‘ಅಮೆರಿಕನ್ನರಲ್ಲದವರು’ ಎಂದೇ ಗುರುತಿಸಿಕೊಳ್ಳುತ್ತಾರಂತೆ.

“ಈ ಪಾಯಿಂಟು ಮರೀಬ್ಯಾಡ, ಇಂಪಾರ್ಟೆಂಟು,” ಎಂದೆ.

“ನಾಟ್ ಅಮೆರಿಕನ್. ದಟ್ಸ್ ಮೀ, ಪಪ್ಪಾ,” ಎಂದಳು. “ಐಯಾಮ್ ಆಲ್ರೆಡಿ ಕೆನಡಿಯನ್.”

ನಗಬೇಕೆಂದುಕೊಂಡೆ. ಒಲೆಯ ಮುಂದಿದ್ದ ಹೆಂಡತಿ ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದಳು.

ಕೊಮಗಾಟ ಮಾರು ಎಂಬ ಹಡಗಿನ ಪಾಠ ಬಂದದ್ದು ಜುಲೈನಲ್ಲಿ. ನೂರು ವರ್ಷಕ್ಕೂ ಹಿಂದೆ ಪಂಜಾಬಿನ ಜನರನ್ನು ಹೊತ್ತು ಆ ಹಡಗು ವ್ಯಾಂಕೂವರ್ ಬಂದರಿಗೆ ಹೋಗಿತ್ತು. ಬಹುತೇಕರನ್ನು ದಡಕ್ಕೆ ಇಳಿಯಗೊಡದೆ ಎರಡು ತಿಂಗಳು ನೀರಿನ ಮೇಲೇ ನಿಲ್ಲಿಸಿ, ಕೊನೆಗೆ ವಾಪಸು ಕಳಿಸಿದರು. ನಾನು ಎರಡು ಪುಟ ಓದಿ, ಹಾಳೆಗಳನ್ನು ತೆಗೆದು ಪಕ್ಕಕ್ಕಿಟ್ಟೆ.

“ಇದನ್ನ ಚಾಯ್ಸ್‌ನಾಗ ಬಿಡು.”

“ವಾಟ್ಸ್ ದಟ್?”

ನಮ್ಮ ಕಾಲದಲ್ಲಿ ಏಳು ಪ್ರಶ್ನೆ ಕೊಟ್ಟು ಐದಕ್ಕೆ ಉತ್ತರಿಸಿ ಎನ್ನುತ್ತಿದ್ದರು, ಹಾಗಾಗಿ ಕಷ್ಟದ ಪಾಠವೊಂದನ್ನು ಓದದೇ ಬಿಟ್ಟರೂ ನಡೆಯುತ್ತಿತ್ತು ಎಂದು ವಿವರಿಸಿದೆ.

“ಅದನ್ನೂ ಓದ್ಲಿ ಬಿಡ್ರಿ. ಆಕಿ ಏನ್ ಸಣ್ಣಾಕೀನ?” ಎಂದಳು ಹೆಂಡತಿ.

“ಪರೀಕ್ಷೆಗೆ ಬರೂದಿಲ್ಲ ಅದು,” ಎಂದು ರೇಗಿದೆ. ಆ ಪಾಠ ಕಷ್ಟದ್ದೇನಲ್ಲ. ಅವಳ ಬಾಯಲ್ಲಿ ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಪರೀಕ್ಷೆಯ ದಿನ ಮನೆಯಲ್ಲಿ ಬೇರೆ ಯಾರೂ ಇರಕೂಡದು, ಕ್ಯಾಮೆರಾ ಹಾಕಿರುತ್ತೇವೆ ಎಂದು ಶಾಲೆಯವರು ಹೇಳಿದ್ದಕ್ಕೆ ನಾವಿಬ್ಬರೂ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋದೆವು. ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸುವಾಗ ಭಟ್ಟರು ಏನು ವಿಶೇಷ ಎಂದು ಕೇಳಿದರು. ಪರೀಕ್ಷೆ ಎಂದೆವು. ಯಾವುದರಲ್ಲಿ ಎಂದು ಅವರು ಕೇಳಲಿಲ್ಲ, ಪುಣ್ಯ.

ಹತ್ತು ದಿನದ ಮೇಲೆ ಫಲಿತಾಂಶ ನನ್ನ ಇಮೇಲಿಗೇ ಬಂತು, ಅವಳ ಉತ್ತರಗಳ ಸಮೇತ. ಪಾಸಾಗಿದ್ದಳು. ಒಳ್ಳೆಯ ಅಂಕವೇ ಬಂದಿತ್ತು. ನಾನು ಬರೆದುಕೊಟ್ಟ ಉತ್ತರಗಳಿಗೆ ಮಾತ್ರ ಟೀಚರು ಅಲ್ಲಲ್ಲಿ ‘ಇದು ನಿನ್ನ ಮಾತು ಅನ್ನಿಸುವುದಿಲ್ಲ’ ಎಂದು ಬರೆದು ಅಂಕ ಕಳೆದಿದ್ದರು. ಪೂರ್ಣ ಅಂಕ ಬಂದದ್ದು ಕೊನೆಯ ಪ್ರಶ್ನೆಗೆ. ಆ ಹಡಗಿನ ಪ್ರಯಾಣಿಕರೊಬ್ಬರು ಊರಿಗೆ ಬರೆಯುವ ಪತ್ರವನ್ನು ಕಲ್ಪಿಸಿಕೊಂಡು ಬರೆಯಿರಿ ಎಂದು ಕೇಳಿದ್ದರು. ಚಾಯ್ಸ್ ಇರಲಿಲ್ಲ.

ನಾನು ತೆಗೆದಿಟ್ಟ ಹಾಳೆಗಳನ್ನು ಅವಳು ಯಾವಾಗ ಓದಿಕೊಂಡಳೋ! ಪತ್ರ ಬರೆದವಳು ತಂದೆಯ ಜೊತೆ ಹಡಗಿನಲ್ಲಿರುವ ಒಂದು ಹುಡುಗಿ. ಎಷ್ಟು ದಿನದಿಂದ ಇಲ್ಲಿ ನಿಂತಿದ್ದೇವೆಂದರೆ, ದಡದ ಮನೆಗಳಲ್ಲಿ ಯಾರು ಯಾವಾಗ ಬಟ್ಟೆ ಒಣಹಾಕುತ್ತಾರೆ ಎಂಬುದೂ ನನಗೆ ಗೊತ್ತು, ಆ ಊರಿನ ಹಾಡುಗಳೂ ಬಾಯಿಗೆ ಬಂದಿವೆ, ಎಂದು ಶುರುವಾಗಿತ್ತು. ಅದು ವ್ಯಾಂಕೂವರ್ ಅಲ್ಲ, ನಮ್ಮ ಬೀದಿ ಎಂದು ನನಗೆ ಕೂಡಲೇ ತಿಳಿಯಿತು. ಮುಂದೆ ಹೀಗಿತ್ತು: ‘ನಮ್ಮಪ್ಪ ದಿನಾಲೂ ಆ ಊರನ್ನು ತೋರಿಸಿ ಅಲ್ಲಿನ ಎಲ್ಲದರ ಹೆಸರು ಕಲಿಸುತ್ತಾನೆ. ನಮ್ಮನ್ನು ಇಳಿಸಿಕೊಳ್ಳುವುದಿಲ್ಲ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ನಾನು ಸಂತೋಷವಾಗಿದ್ದೆ, ಅದಕ್ಕೇ ಹೇಳಲಿಲ್ಲ ಅಂತ ಕಾಣುತ್ತದೆ.’

ನನಗೆ ಗೊತ್ತಿತ್ತು. ಅವಳು ಐದನೇ ಕ್ಲಾಸಿನಲ್ಲಿದ್ದಾಗಲೇ, ಗ್ರೀನ್ ಕಾರ್ಡು ಸಮಯಕ್ಕೆ ಬರುವುದಿಲ್ಲವೆಂದು ವಕೀಲರು ಲೆಕ್ಕ ಹಾಕಿ ಹೇಳಿದ್ದರು. ಆ ವಿಷಯ ಹೆಂಡತಿಗೂ ನನಗೂ ಬಿಟ್ಟು ಯಾರಿಗೂ ತಿಳಿದಿಲ್ಲ ಎಂದೇ ನಂಬಿದ್ದೆ. ಆರು ವರ್ಷ ಅವಳನ್ನು ಈಜಿನ ಪ್ರಾಕ್ಟೀಸಿಗೆ ಬಿಟ್ಟು ಬಂದೆ, ಅಮೆರಿಕದ ಕಾಲೇಜುಗಳನ್ನು ತೋರಿಸಲು ಕರೆದುಕೊಂಡು ಹೋದೆ, ಯಾವುದು ಇಷ್ಟ ಎಂದು ಕೇಳಿದೆ. ಪತ್ರದ ಕೆಳಗೆ ಟೀಚರು, ತುಂಬ ಚೆನ್ನಾಗಿ ಕಲ್ಪಿಸಿಕೊಂಡಿದ್ದೀಯ ಎಂದು ಬರೆದಿದ್ದರು.

ಅವಳ ರೂಮಿನ ಬಾಗಿಲಿಗೆ ಹೋಗಿ ನಿಂತೆ. ಪುಸ್ತಕಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಕ್ಷಮಿಸು ಎನ್ನಬೇಕೆಂದುಕೊಂಡು ಹೋದವನು ರಿಸಲ್ಟ್ ಬಂತು ಎಂದಷ್ಟೇ ಹೇಳಿದೆ.

ಅವಳು ತಿರುಗಿ ನೋಡಿದಳು. ಇಡೀ ಬೇಸಿಗೆಯಲ್ಲಿ ಮೊದಲ ಸಲ ಇಂಗ್ಲಿಷ್ ಬಿಟ್ಟು ಕೇಳಿದಳು.

“ಮಾರ್ಕ್ಸ್ ಸಾಕಾ, ಪಪ್ಪಾ?”

“ಸಾಕವ್ವಾ,” ಎಂದೆ.